ಹಿಂದಿನ ಬೆಂಚಿನ ಗುರುತು

ಮಾರ್ಚ್ 4

ಅತ್ತೆ,

ನಿಮ್ಮ ಮೂರು ಕಾಗದಗಳೂ ಬಂದಿವೆ. ಮೂರರಲ್ಲೂ ಒಂದೇ ವಿಷಯ, ನಿಮ್ಮ ಗೆಳತಿಯ ಮಗ. ಮೇಟ್ರನ್ ಆಗಿದ್ದಾಗ ರೋಗಿಗಳಿಗೆ ಹೊತ್ತುಹೊತ್ತಿಗೆ ಔಷಧಿ ಕುಡಿಸುತ್ತಿದ್ದ ಅಭ್ಯಾಸ ನಿವೃತ್ತಿಯಾದ ಮೇಲೂ ನಿಮ್ಮನ್ನು ಬಿಟ್ಟಿಲ್ಲ. ಈಗ ನನಗೆ ಈ ಸಂಬಂಧ ಕುಡಿಸುತ್ತಿದ್ದೀರಿ.

ಅವರ ಬಗ್ಗೆ ನನಗೇನೂ ದೂರಿಲ್ಲ. ಅವರ ಮೆಡಿಕಲ್ ಶಾಪ್ ನಮ್ಮ ಆಸ್ಪತ್ರೆಯ ಎದುರಿಗೇ ಇದೆ, ದಿನಾ ಕಾಣುತ್ತಾರೆ. ಅವರಮ್ಮ ನಮ್ಮ ಚರ್ಚಿನ ಸಭೆಯಲ್ಲಿ ಆರ್ಗನ್ ನುಡಿಸುತ್ತಾರೆ. ಮೊನ್ನೆ ಆರಾಧನೆ ಮುಗಿದ ಮೇಲೆ ನನ್ನ ಕೈ ಹಿಡಿದುಕೊಂಡು, 'ನಿನ್ನ ಬೆರಳಿಗೆ ಎಷ್ಟನೇ ಅಳತೆ ಉಂಗುರ ಬರುತ್ತಮ್ಮ?' ಎಂದು ಕೇಳಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದರೆ ಇದೇ. ಮಗ ಒಳ್ಳೆಯವರೇ ಇರಬಹುದು. ಆದರೆ ಭಾನುವಾರ ಬೆಳಗ್ಗೆ ಇಸ್ತ್ರಿ ಬಟ್ಟೆ ಹಾಕಿಕೊಂಡು ಹಾಡುವ ಹೊತ್ತಿಗೆ ಯಾರು ತಾನೇ ಕೆಟ್ಟವರು? ಪಾಸ್ಟರ್ ಅವರ ಹೆಂಡತಿ ಮದುವೆಯಾಗದ ಹೆಣ್ಣುಮಕ್ಕಳಿಗೆಲ್ಲ 'ದೈವಭಕ್ತ ಗಂಡನ ಹನ್ನೆರಡು ಲಕ್ಷಣಗಳು' ಎಂದು ಒಂದು ಹಾಳೆ ಹಂಚಿದ್ದಾರೆ. ಅದನ್ನಿಟ್ಟುಕೊಂಡು ನೋಡಿದರೆ ಅವರಿಗೆ ಹತ್ತು ಹೊಂದುತ್ತವೆ. ಆದರೆ ನಮ್ಮ ಸಭೆಯ ಇನ್ನೂ ನಾಲ್ಕು ಜನಕ್ಕೆ ಹತ್ತು ಹೊಂದುತ್ತವೆ. ಹಾಳೆಯಿಂದ ನನಗೇನೂ ಉಪಯೋಗವಾಗಲಿಲ್ಲ.

ನನ್ನ ಕೆಲಸ ನಿಮಗೆ ಗೊತ್ತಲ್ಲ. ಕೃತಕ ಕಾಲು ಮಾಡಿ ತೊಡಿಸಿದ ಮೇಲೆ 'ಚೆನ್ನಾಗಿದೆಯಾ?' ಎಂದು ಕೇಳಲೇಬಾರದು. ಕೇಳಿದರೆ ಪಾಪ, ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ, ನಾವು ಕಷ್ಟಪಟ್ಟಿದ್ದೇವಲ್ಲ ಎಂಬ ದಾಕ್ಷಿಣ್ಯಕ್ಕೆ. ಅರ್ಧ ಗಂಟೆ ನಡೆಸಿ, ಕಾಲು ಬಿಚ್ಚಿಸಿ, ಚರ್ಮ ಎಲ್ಲಿ ಕೆಂಪಾಗಿದೆ ಎಂದು ನೋಡಬೇಕು. ಮನುಷ್ಯರನ್ನು ಹಾಗೆ ನೋಡುವುದು ಹೇಗೆ ಅತ್ತೆ? ಒಮ್ಮೆ ಮದುವೆಯಾದರೆ ಬಿಚ್ಚಿ ನೋಡುವ ಹಾಗಿಲ್ಲ. ಒಬ್ಬ ಮನುಷ್ಯನ ಜೊತೆ ಸಾಯುವ ತನಕ ಇರಬೇಕು, ಅವನ ಜೊತೆ ಮಂಡಿಯೂರಬೇಕು. ತಪ್ಪಿದರೆ ನನಗೆ ಇನ್ನೊಂದು ಅವಕಾಶವಿಲ್ಲ.

ಅದಕ್ಕೇ ದೇವರ ಹತ್ತಿರ ಒಂದು ಗುರುತು ಕೇಳಿಕೊಂಡಿದ್ದೇನೆ. ನಗಬೇಡಿ. ನಮ್ಮ ಸಭೆಯಲ್ಲಿ ಹಿಂದಿನ ಬೆಂಚಿನ ತಾತ ಒಬ್ಬರಿದ್ದಾರೆ, ಹಿಂದೆ ಹಡಗಿನಲ್ಲಿ ಅಡುಗೆಯವರಾಗಿದ್ದವರು. ಆರಾಧನೆ ಮುಗಿದು ಚಹಾ ಕೊಡುವಾಗ ಯಾರು ಸಿಕ್ಕರೂ ಹಿಡಿದು ಕೂರಿಸಿ ಒಂದೇ ಕತೆ ಹೇಳುತ್ತಾರೆ: ಬಿರುಗಾಳಿಯಲ್ಲಿ ಹಡಗು ವಾಲಿದಾಗ ನಲವತ್ತು ಜನರ ಸೂಪಿನ ಪಾತ್ರೆಯನ್ನು ತಬ್ಬಿಕೊಂಡು ಒಂದು ತೊಟ್ಟೂ ಚೆಲ್ಲದ ಹಾಗೆ ಉಳಿಸಿದ ಕತೆ. ಎಲ್ಲರೂ ಹತ್ತು ನಿಮಿಷ ನಕ್ಕು ಎದ್ದು ಹೋಗುತ್ತಾರೆ. ಆದರೆ ಕತೆಗೆ ಒಂದು ಬಾಲವಿದೆ. ನಾನು ಒಮ್ಮೆ ಕೊನೆಯ ತನಕ ಕೂತಿದ್ದೆ, ಅದಕ್ಕೆ ಗೊತ್ತು. ಅವರು ಸೂಪು ಉಳಿಸಿ ನಗುತ್ತಿದ್ದ ಅದೇ ದಿನ ಮನೆಯಲ್ಲಿ ಅವರ ಹೆಂಡತಿ ತೀರಿಕೊಂಡಿದ್ದರು. ತಿಳಿದದ್ದು ಮೂರು ವಾರದ ಮೇಲೆ.

ನನ್ನ ಪ್ರಾರ್ಥನೆ ಇಷ್ಟೇ: ಕರ್ತನೇ, ನೀನು ನನಗೆ ಇಟ್ಟಿರುವವನು ಯಾರೂ ಹೇಳದೆ ತಾನಾಗಿಯೇ ಹೋಗಿ ಆ ತಾತನ ಪಕ್ಕ ಕೂತು ಕತೆಯನ್ನು ಕೊನೆಯ ತನಕ ಕೇಳಲಿ. ಇದನ್ನು ಇನ್ನು ಯಾರಿಗೂ ಹೇಳಿಲ್ಲ. ನೀವೂ ಹೇಳಬೇಡಿ.

ನಿಮ್ಮ
ತಕ್ಕಡಿ


ಮಾರ್ಚ್ 11

ತಕ್ಕಡಿ ಮಹಾರಾಣಿಯವರಿಗೆ,

ನಿನಗೆ ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಅಣ್ಣ ಅತ್ತಿಗೆ ತೀರಿಕೊಂಡ ಮೇಲೆ ಒಂಬತ್ತು ವರ್ಷದವಳು ನಮ್ಮ ಮನೆಗೆ ಬಂದ ಮೊದಲ ವಾರ, ಎರಡು ಪೆನ್ಸಿಲ್‌ನಲ್ಲಿ ಒಂದನ್ನು ಆರಿಸಿಕೋ ಎಂದರೆ ಊಟದ ಹೊತ್ತು ಮೀರುವ ತನಕ ಅಂಗಡಿಯಲ್ಲಿ ನಿಂತಿದ್ದೆ. ಅಂಗಡಿಯವನು ಬೇಸತ್ತು 'ಎರಡೂ ತಗೊಂಡು ಹೋಗಮ್ಮ ತಾಯಿ' ಎಂದ. ಗಂಡನ ವಿಷಯದಲ್ಲಿ ಹಾಗೆ ಯಾರೂ ಹೇಳುವುದಿಲ್ಲ, ನೆನಪಿರಲಿ. ಇಪ್ಪತ್ತೊಂಬತ್ತಾಯಿತು. ಇನ್ನೂ ಎಷ್ಟು ದಿನ ಅಳೆದು ಸುರಿದು ಮಾಡುತ್ತೀ?

ಗುರುತು ಒಳ್ಳೆಯದೇ. ನಾನು ಬಯ್ಯುತ್ತೇನೆ ಎಂದುಕೊಂಡಿದ್ದೆಯಲ್ಲ, ಬಯ್ಯುವುದಿಲ್ಲ. ಬೈಬಲಿನಲ್ಲಿ ಯಜಮಾನನ ಮಗನಿಗೆ ಹೆಣ್ಣು ಹುಡುಕಲು ಹೋದ ಆಳೂ ಬಾವಿಯ ಹತ್ತಿರ ನಿಂತು ಗುರುತು ಕೇಳಿಕೊಂಡಿದ್ದ, ದೇವರು ಕೊಡಲಿಲ್ಲವೇ?

ಆ ತಾತ ಯಾವ ಕಡೆ ಕೂರುತ್ತಾರೆ, ಬಾಗಿಲ ಪಕ್ಕವೋ ಕಿಟಕಿ ಪಕ್ಕವೋ? ಚಹಾಕ್ಕೆ ಮೊದಲೇ ಕತೆ ಶುರುಮಾಡುತ್ತಾರೋ, ಆಮೇಲೋ? ಸುಮ್ಮನೆ ಕೇಳಿದೆ. ಪ್ರಾರ್ಥನೆ ಮಾಡುವಾಗ ಕಣ್ಣಿಗೆ ಕಟ್ಟಿದರೆ ಚೆನ್ನ.

ಇಲ್ಲಿ ನಿವೃತ್ತ ನರ್ಸುಗಳ ಹಾಸ್ಟೆಲಿನಲ್ಲಿ ಎಲ್ಲರಿಗೂ ಕೆಮ್ಮು. ಕೆಮ್ಮಿಗೆ ಯಾವ ಔಷಧಿ ಎಂದು ಒಬ್ಬೊಬ್ಬಳದೂ ಒಂದೊಂದು ಅಭಿಪ್ರಾಯ. ಹದಿನೆಂಟು ಜನ ಮೇಟ್ರನ್‌ಗಳು, ರೋಗಿ ಮಾತ್ರ ಒಬ್ಬರೂ ಇಲ್ಲ.

ಅತ್ತೆ


ಮಾರ್ಚ್ 24

ಅತ್ತೆ, ಅತ್ತೆ,

ನಿನ್ನೆ ಆರಾಧನೆ ಮುಗಿಯಿತು. ನಾನು ಚಹಾದ ಲೋಟ ಹಿಡಿದು ನಿಂತಿದ್ದೆ. ಮೆಡಿಕಲ್ ಶಾಪಿನವರು ಸೀದಾ ಹಿಂದಿನ ಬೆಂಚಿಗೆ ಹೋಗಿ, 'ತಾತ, ಆ ಹಡಗಿನ ಕತೆ ಹೇಳಿ' ಎಂದು ಪಕ್ಕದಲ್ಲಿ ಕೂತರು. ಸಭೆಯವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ತಾತನನ್ನು ಕತೆ ಹೇಳಿ ಎಂದು ಕೇಳಿದವರೇ ಇಲ್ಲವಲ್ಲ ಈ ತನಕ! ಮುಕ್ಕಾಲು ಗಂಟೆ ಕೂತರು. ಲೋಟಗಳನ್ನು ತೊಳೆದಾಯಿತು, ಕುರ್ಚಿಗಳನ್ನು ಒಳಗಿಟ್ಟಾಯಿತು, ಆದರೂ ಏಳಲಿಲ್ಲ. ಕೊನೆಗೆ ತಾತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಾಗ ಅವರು ತಲೆ ತಗ್ಗಿಸಿಕೊಂಡಿದ್ದರು. ಹೊರಗೆ ಬರುವಾಗ ಮುಖ ಬಿಳಿಚಿಕೊಂಡಿತ್ತು, ನನ್ನನ್ನು ನೋಡಿದರೂ ಮಾತಾಡಲಿಲ್ಲ.

ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ದೇವರು ನನ್ನಂಥವಳ ಮಾತನ್ನೂ ಇಷ್ಟು ಕಿವಿಗೊಟ್ಟು ಕೇಳುತ್ತಾನೆಂದು ನನಗೆ ಗೊತ್ತಿರಲಿಲ್ಲ. ಅವರಮ್ಮನಿಗೆ ಇವತ್ತೇ ಒಪ್ಪಿಗೆ ಹೇಳಿದೆ. ನಿಮಗೆ ಸಂತೋಷವಾಯಿತಲ್ಲ?

ನಿಮ್ಮ
ತಕ್ಕಡಿ (ಇನ್ನು ಮೇಲೆ ತೂಗುವುದಿಲ್ಲ)


ಏಪ್ರಿಲ್ 2

ಮಗಳೇ,

ಕಾಗದ ಬಂತು. ಸಂತೋಷ. ಮಂಡಿನೋವು ಜಾಸ್ತಿಯಾಗಿದೆ, ಹೆಚ್ಚು ಹೊತ್ತು ಕೂತು ಬರೆಯಲಾಗುವುದಿಲ್ಲ.

ಆ ಒಂದು ಗುರುತನ್ನೇ ನೆಚ್ಚಿಕೊಳ್ಳಬೇಡ. ಆ ಹುಡುಗನ ಜೊತೆ ನಾಲ್ಕು ಮಾತಾಡು, ಅವನ ಕೆಲಸ ನೋಡು. ಅವಸರ ಮಾಡು ಎಂದೂ ಹೇಳುವುದಿಲ್ಲ, ನಿಧಾನಿಸು ಎಂದೂ ಹೇಳುವುದಿಲ್ಲ. ನಿನಗೆ ಬುದ್ಧಿ ಇದೆ.

ಅತ್ತೆ


ಏಪ್ರಿಲ್ 20

ಅತ್ತೆ,

ಮೂರು ತಿಂಗಳು ದಿನಾ ಅದೇ ಹುಡುಗ ಅದೇ ಹುಡುಗ ಎಂದು ಜಪ ಮಾಡಿದವರು ನೀವು. ನಾನು ಹೂಂ ಎಂದ ಮೇಲೆ ಆರು ಸಾಲು ಬರೆದಿದ್ದೀರಿ! ಮಂಡಿನೋವಿಗೂ ಕೈಗೂ ಏನು ಸಂಬಂಧ? ನನಗೆ ಗೊತ್ತು ಬಿಡಿ. ಮದುವೆಯಾದರೆ ನಾನು ಕೈತಪ್ಪಿ ಹೋಗುತ್ತೇನೆಂದು ನಿಮಗೆ ಬೇಜಾರು. ಹೋಗುವುದಿಲ್ಲ. ನನ್ನ ಮನೆಯಲ್ಲಿ ಕಿಟಕಿ ಪಕ್ಕದ ಕೋಣೆ ನಿಮ್ಮದೇ.

ನಿಶ್ಚಿತಾರ್ಥ ಮೇ ಮೂವತ್ತಕ್ಕೆ ಎಂದು ಗೊತ್ತಾಗಿದೆ. ಅವರು ಎರಡು ಸಲ ನಮ್ಮ ವರ್ಕ್‌ಶಾಪಿಗೆ ಬಂದಿದ್ದರು. ರೋಗಿಗಳ ಕಾಲಿನ ಪ್ಲಾಸ್ಟರ್ ಅಚ್ಚುಗಳ ಸಾಲು ನೋಡಿ, 'ಇದು ಯಾರದ್ದು, ಇದು ಯಾರದ್ದು' ಎಂದು ಒಂದೊಂದನ್ನೂ ಕೇಳಿದರು. ಒಬ್ಬ ಡ್ರೈವರ್ ಹೊಸ ಕಾಲಿನಲ್ಲಿ ಎರಡು ಕಂಬಿಗಳ ನಡುವೆ ನಡೆಯುತ್ತಿದ್ದಾಗ ಇವರೇ ಬೆವೆತುಹೋದರು. ಮಾತು ಬಹಳ ಕಡಿಮೆ. ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡು, 'ಮಳೆ ಬರೋ ಹಾಗಿದೆ' ಎನ್ನುತ್ತಾರೆ. ಆಕಾಶ ನೋಡಿದರೆ ಬೆಳ್ಳಗೆ ಬಿಸಿಲು.

ಭಾನುವಾರ ತಾತನ ಪಕ್ಕ ಈಗಲೂ ಕೂರುತ್ತಾರೆ. 'ನೀವು ತುಂಬಾ ಒಳ್ಳೆಯವರು' ಎಂದು ನಾನು ಒಮ್ಮೆ ಬಾಯಿಬಿಟ್ಟು ಹೇಳಿದೆ. ಯಾರೋ ಕಪಾಳಕ್ಕೆ ಹೊಡೆದ ಹಾಗೆ ಮುಖ ಮಾಡಿಕೊಂಡರು. ಎಷ್ಟು ವಿನಯ ನೋಡಿ! ಇಂಥವರನ್ನು ದೇವರೇ ತೋರಿಸಬೇಕು.

ನಿಮ್ಮ
ತಕ್ಕಡಿ


ಮೇ 12

ನನ್ನ ಮಗಳೇ,

ಈ ಕಾಗದವನ್ನು ಐದು ಸಲ ಬರೆದು ಹರಿದು ಹಾಕಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಇಲ್ಲಿ ಫೋನ್ ಇರುವುದು ನಡುಮನೆಯಲ್ಲಿ. ಹದಿನೇಳು ಜೊತೆ ಕಿವಿ ಸುತ್ತ ಇರುತ್ತವೆ. ಅದೂ ಅಲ್ಲದೆ ನಿನ್ನ ಧ್ವನಿ ಕೇಳಿದರೆ ನಾನು ಮತ್ತೆ ಮಂಡಿನೋವು ಎಂದುಬಿಡುತ್ತೇನೆ. ಅದಕ್ಕೇ ಮೊದಲು ವಿಷಯ, ಆಮೇಲೆ ಉಳಿದದ್ದು.

ಆ ಗುರುತನ್ನು ನಾನು ಹೇಳಿಬಿಟ್ಟೆ. ನಿನ್ನ ಕಾಗದ ಬಂದ ವಾರವೇ ಆರ್ಗನ್ ನುಡಿಸುವವಳಿಗೆ ಫೋನ್ ಮಾಡಿ, 'ನಿನ್ನ ಮಗನಿಗೆ ಹೇಳು, ಹಿಂದಿನ ಬೆಂಚಿನ ಅಜ್ಜನ ಕತೆ ಕೊನೆತನಕ ಕೇಳಲಿ, ಕೇಳಿದ್ರೆ ಹುಡುಗಿ ಒಪ್ತಾಳೆ' ಎಂದೆ. ಅವಳು ಮಗನಿಗೆ ಹೇಳಿದಳು. ಅವನು ಹೋಗಿ ಕೂತ. ನೀನು ಅದನ್ನು ದೇವರ ಉತ್ತರ ಎಂದುಕೊಂಡೆ. ದೇವರ ಕೈಬರಹವನ್ನು ನಾನು ಕಳ್ಳಸಹಿ ಮಾಡಿದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ. ನೀನು 'ದೇವರು ನನ್ನಂಥವಳ ಮಾತನ್ನೂ ಕೇಳುತ್ತಾನೆ' ಎಂದು ಬರೆದೆಯಲ್ಲ, ಆ ಸಾಲು ಓದಿದ ದಿನದಿಂದ ಪ್ರಾರ್ಥನೆಗೆ ಕೂತರೆ ನನಗೆ ಬಾಯಿ ಬರುವುದಿಲ್ಲ.

ಯಾಕೆ ಮಾಡಿದೆ ಎಂದು ಕೇಳುತ್ತೀ. ಹೇಳುತ್ತೇನೆ, ನಿನ್ನ ಅಪ್ಪನಿಗೂ ಹೇಳಿರಲಿಲ್ಲ.

ಆಗ ನನಗೆ ಇಪ್ಪತ್ತಾರು. ನಮ್ಮ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಒಬ್ಬರಿದ್ದರು. ನನ್ನನ್ನು ಕೇಳಿದರು. ನನಗೂ ಮನಸ್ಸಿತ್ತು, ಬಹಳ ಇತ್ತು. ಆದರೆ ನಾನೂ ನಿನ್ನ ಹಾಗೆಯೇ, ದೇವರ ಹತ್ತಿರ ಒಂದು ಗುರುತು ಕೇಳಿದೆ: ಬುಧವಾರದ ಪ್ರಾರ್ಥನೆಕೂಟಕ್ಕೆ ಮೊದಲ ಹಾಡು ಶುರುವಾಗುವ ಮೊದಲೇ ಬಂದರೆ ಹೌದು, ಇಲ್ಲದಿದ್ದರೆ ಇಲ್ಲ. ಒಂದು ದಿನವೂ ತಡಮಾಡಿದವರಲ್ಲ. ಆ ಬುಧವಾರ ಎರಡನೇ ಹಾಡು ಮುಗಿಯುವಾಗ ಬಂದರು, ಕೈ ತುಂಬ ಗ್ರೀಸು. ಸೈಕಲ್ ಚೈನ್ ಬಿಚ್ಚಿಕೊಂಡಿತ್ತಂತೆ. 'ದೇವರ ಚಿತ್ತ ಇಲ್ಲ' ಎಂದು ಹೇಳಿ ಕಳಿಸಿದೆ. ಆರು ತಿಂಗಳ ಮೇಲೆ ಮತ್ತೊಮ್ಮೆ ಕೇಳಿದರು, ಆಗಲೂ ಅದೇ ಹೇಳಿದೆ. ಅವರಿಗೆ ಬೇರೆ ಕಡೆ ಮದುವೆಯಾಯಿತು, ಚೆನ್ನಾಗಿ ಬಾಳಿದರು. ಬೇಡ ಎಂದದ್ದು ದೇವರೋ ಸೈಕಲ್ ಚೈನೋ, ನನಗೆ ಇವತ್ತಿಗೂ ಗೊತ್ತಿಲ್ಲ.

ನನಗೆ ನೀನು ಸಿಕ್ಕೆ, ನನ್ನ ಬಾಳು ಬರಿದಾಗಲಿಲ್ಲ. ಆದರೆ ನಿನ್ನ ಕಾಗದದಲ್ಲಿ ಗುರುತು ಎಂಬ ಮಾತು ಓದಿದ ಕೂಡಲೇ ಆ ಬುಧವಾರವೇ ಕಣ್ಣಮುಂದೆ ಬಂತು. ಒಳ್ಳೆಯ ಹುಡುಗ ಆ ಭಾನುವಾರ ನೆಗಡಿಯಾಗಿ ಮನೆಯಲ್ಲೇ ಉಳಿದುಬಿಟ್ಟರೆ ಏನು ಗತಿ ಎನ್ನಿಸಿತು. ಅಷ್ಟಕ್ಕೇ ಈ ಮಹಾಪರಾಧ ಮಾಡಿದೆ.

ಮೂವತ್ತನೇ ತಾರೀಖಿನ ಮೊದಲು ಇದು ನಿನಗೆ ಗೊತ್ತಿರಬೇಕು. ಅವನನ್ನು ಮದುವೆಯಾಗು, ಬಿಡು, ನಾನು ಇನ್ನು ಒಂದು ಮಾತೂ ಆಡುವುದಿಲ್ಲ. ನನ್ನನ್ನು ಬೈ. ಬಯ್ಯದೆ ಮಾತ್ರ ಇರಬೇಡ.

ಅತ್ತೆ


ಮೇ 14

ಅತ್ತೆ,

ಇವತ್ತು ಮಧ್ಯಾಹ್ನ ಅವರು ವರ್ಕ್‌ಶಾಪಿಗೆ ಬಂದರು. ನಾನು ಒಂದು ಕಾಲಿನ ಅಂಚು ಉಜ್ಜುತ್ತಿದ್ದೆ. 'ಒಂದು ಮಾತು ಹೇಳ್ಬೇಕು. ಹೇಳಿದ್ಮೇಲೆ ನೀವೇನು ತೀರ್ಮಾನ ಮಾಡಿದ್ರೂ ಸರಿ' ಎಂದರು. ಹೇಳಿದರು.

ತಾತನ ಪಕ್ಕ ಕೂತರೆ ನಾನು ಒಪ್ಪುತ್ತೇನೆಂದು ಅವರಿಗೆ ಮೊದಲೇ ಗೊತ್ತಿತ್ತಂತೆ. 'ಗಾಳಕ್ಕೆ ಹುಳು ಸಿಕ್ಕಿಸೋ ಹಾಗೆ ಹೋಗಿ ಕೂತೆ. ಆ ಕತೆ ಹಾಗೆ ಮುಗಿಯುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ. ಅವರು ಹೆಂಡ್ತಿನ ನೆನೆಸ್ಕೊಂಡು ಅಳ್ತಿದ್ರೆ ನಾನು ಹೆಂಡ್ತಿ ಸಿಗ್ಲಿ ಅಂತ ಅಲ್ಲಿ ಕೂತಿದ್ದೆ. ಅವತ್ತಿಂದ ಹೇಳ್ಬೇಕು ಹೇಳ್ಬೇಕು ಅಂತಲೇ ಇದ್ದೆ' ಎಂದರು. ಯಾರು ಹೇಳಿದರು ಎಂದು ಕೇಳಿದೆ. 'ಅದನ್ನ ಕೇಳ್ಬೇಡಿ. ಕೂತಿದ್ದು ನಾನು, ತಪ್ಪು ನನ್ನದು' ಎಂದರು.

ಹೇಳುವ ಅಗತ್ಯವೂ ಇರಲಿಲ್ಲ. ಆ ಗುರುತು ನಾನು ಹೇಳಿದ್ದು ಇಬ್ಬರಿಗೆ ಮಾತ್ರ, ದೇವರಿಗೆ ಮತ್ತು ನಿಮಗೆ. ದೇವರು ಹೇಳಿರಲಿಕ್ಕಿಲ್ಲ.

ನಿಶ್ಚಿತಾರ್ಥ ಬೇಡವೆಂದು ಹೇಳಿ ಕಳಿಸಿದ್ದೇನೆ.


ಜೂನ್ 15

ಮಗಳೇ,

ಇಬ್ಬರ ಕಾಗದಗಳೂ ದಾರಿಯಲ್ಲಿ ಎದುರುಬದುರಾಗಿ ಹೋಗಿವೆ. ನನ್ನದರ ಮೇಲಿನ ಅಂಚೆ ಮುದ್ರೆ ನೋಡು, ಸಿಕ್ಕಿಬಿದ್ದ ಮೇಲೆ ಬರೆದದ್ದಲ್ಲ. ನಂಬದಿದ್ದರೂ ನಾನು ದೂರುವ ಹಾಗಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಬೇರೇನೂ ಕೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ ಎಂದಷ್ಟೇ ತಿಳಿಸು. ಬರೀ 'ಹೂಂ' ಎಂದು ಬರೆದರೂ ಸಾಕು.

ಅತ್ತೆ


ಜೂನ್ 22

ಹೂಂ.


ಆಗಸ್ಟ್ 9

ಅತ್ತೆ,

ನಿಮ್ಮ ಮೇ ತಿಂಗಳ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅಂಚೆ ಮುದ್ರೆಯನ್ನೂ ನೋಡಿದೆ. ಮೊದಲು ಸಿಟ್ಟು ಹೇಳಿಬಿಡುತ್ತೇನೆ, ಬಯ್ಯದೆ ಇರಬೇಡ ಎಂದಿದ್ದೀರಲ್ಲ. ನೀವು ಬಹಳ ಕೆಟ್ಟ ಕೆಲಸ ಮಾಡಿದಿರಿ. ನನ್ನ ಜೀವನದಲ್ಲಿ ಒಂದೇ ಒಂದು ಸಲ ದೇವರು ನನಗೆ ನೇರವಾಗಿ ಉತ್ತರ ಕೊಟ್ಟನೆಂದು ಕುಣಿದಾಡಿದ್ದೆ, ಅದನ್ನೂ ಕಿತ್ತುಕೊಂಡಿರಿ. ಎರಡು ತಿಂಗಳು ನಿಮ್ಮ ಹೆಸರು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತಿತ್ತು. ಸೈಕಲ್ ಚೈನಿನ ಭಾಗ ಬಂದಾಗ ಮಾತ್ರ ಪ್ರತಿ ಸಲವೂ ಅತ್ತಿದ್ದೇನೆ. ವರ್ಷಗಟ್ಟಲೆ ಒಂದೇ ಮನೆಯಲ್ಲಿ ಇದ್ದೆವು, ಒಂದು ದಿನವೂ ಹೇಳಲಿಲ್ಲವಲ್ಲ ನೀವು. ಒಬ್ಬರೇ ಹೇಗೆ ಹೊತ್ತುಕೊಂಡಿರಿ ಅಷ್ಟು ವರ್ಷ?

ನನ್ನ ತಪ್ಪೂ ಇದೆ. ಕಣ್ಣು ಕೊಟ್ಟ ದೇವರಿಗೆ, ನಾನು ನೋಡುವುದಿಲ್ಲ, ನೀನೇ ನೋಡಿ ಹೇಳು ಎಂದ ಹಾಗಾಯಿತು ನನ್ನ ಪ್ರಾರ್ಥನೆ. ಪಾಸ್ಟರ್ ಹತ್ತಿರ ಎಲ್ಲ ಹೇಳಿಕೊಂಡೆ. ಅವರು ಉಪದೇಶ ಮಾಡಲಿಲ್ಲ. 'ಅವರು ಬಂದು ತಪ್ಪು ಒಪ್ಪಿಕೊಂಡಾಗ ನಿಮ್ಮ ಅತ್ತೆ ಕಾಗದ ನಿಮ್ಮ ಕೈಗೆ ಬಂದಿತ್ತಾ?' ಎಂದು ಮಾತ್ರ ಕೇಳಿದರು. ಬಂದಿರಲಿಲ್ಲ. ಮರುದಿನ ಬಂತು. ಅಂದರೆ ಅವರು ಸಿಕ್ಕಿಬಿದ್ದಿರಲಿಲ್ಲ ಅತ್ತೆ. ಸುಮ್ಮನಿದ್ದಿದ್ದರೆ ಎರಡು ವಾರದಲ್ಲಿ ಉಂಗುರ ಬದಲಾಯಿಸುತ್ತಿದ್ದೆವು ಎಂದೇ ಅವರಿಗೆ ಗೊತ್ತಿದ್ದದ್ದು.

ಆಮೇಲೆ ನಾನು ಸುಮ್ಮನೆ ನೋಡತೊಡಗಿದೆ. ಅವರು ನನ್ನ ಬೆನ್ನು ಹತ್ತಲಿಲ್ಲ, ಯಾರ ಕೈಯಲ್ಲೂ ಹೇಳಿಕಳಿಸಲಿಲ್ಲ. ಎದುರಾದರೆ ನಮಸ್ಕಾರ ಹೇಳಿ ದಾರಿ ಬಿಡುತ್ತಾರೆ. ಮೊದಲ ತಿಂಗಳು ಇದನ್ನು ಕೊಬ್ಬು ಎಂದುಕೊಂಡೆ. ಹೋದ ತಿಂಗಳು ವರ್ಕ್‌ಶಾಪಿಗೆ ಬ್ಯಾಂಡೇಜ್ ತರಲು ಅವರ ಅಂಗಡಿಗೆ ಹೋಗಿ ಸಾಲಿನ ಕೊನೆಯಲ್ಲಿ ನಿಂತಿದ್ದೆ, ಅವರು ನೋಡಿರಲಿಲ್ಲ. ಚೀಟಿಗಳನ್ನು ತಿರುವಿಹಾಕುತ್ತಿದ್ದವರು ಇದ್ದಕ್ಕಿದ್ದಂತೆ ನಿಂತುಬಿಟ್ಟರು. ಆಗಷ್ಟೇ ಹೋದ ಒಬ್ಬ ಅಜ್ಜಿಗೆ ಡಾಕ್ಟರು ಬರೆದುಕೊಟ್ಟಿದ್ದಕ್ಕಿಂತ ಎರಡರಷ್ಟು ಶಕ್ತಿಯ ಬಿ.ಪಿ. ಮಾತ್ರೆ ಕೊಟ್ಟಿದ್ದರು. 'ದಯವಿಟ್ಟು ಎಲ್ಲರೂ ಇಲ್ಲೇ ಇರಿ, ನಾನು ತಪ್ಪು ಮಾಡಿದೀನಿ' ಎಂದು ಅಷ್ಟೂ ಜನರ ಮುಂದೆ ಹೇಳಿ, ಗಲ್ಲಾ ತೆರೆದೇ ಬಿಟ್ಟು, ಚಪ್ಪಲಿ ಹಾಕಿಕೊಳ್ಳದೆ ಬಸ್ ನಿಲ್ದಾಣಕ್ಕೆ ಓಡಿದರು. ಅಜ್ಜಿಯನ್ನು ಬಸ್ಸಿನಿಂದ ಇಳಿಸಿ, ಕೈಹಿಡಿದು ವಾಪಸ್ ಕರೆತಂದು, ಮಾತ್ರೆ ಬದಲಾಯಿಸಿ, ಏನಾಯಿತೆಂದು ಅವರಿಗೆ ಬಿಡಿಸಿ ಹೇಳಿದರು. ಅಜ್ಜಿ ಸರಿಯಾಗಿ ಉಗಿದರು. ನಿಂತು ಉಗಿಸಿಕೊಂಡರು. ಸಾಲಿನಲ್ಲಿದ್ದ ಇಬ್ಬರು ಇನ್ನು ಈ ಅಂಗಡಿ ಬೇಡಪ್ಪ ಎಂದು ಹೋಗಿಯೂಬಿಟ್ಟರು.

ಅವರಿಗೆ ದೋಷಗಳಿಲ್ಲ ಎಂದಲ್ಲ. ಅವರಮ್ಮ ಕೂರು ಎಂದರೆ ಕೂರುತ್ತಾರೆ, ನಿಲ್ಲು ಎಂದರೆ ನಿಲ್ಲುತ್ತಾರೆ, ಅದಕ್ಕೇ ಇಷ್ಟೆಲ್ಲ ಆಯಿತು. ಹಾಡಿದರೆ ಸಭೆಯ ಅರ್ಧ ಜನ ಶ್ರುತಿ ತಪ್ಪುತ್ತಾರೆ. ಒಂದು ಮಾತು ಹೇಳಲು ಎರಡು ತಿಂಗಳು ಬೇಕು. ಆದರೆ ತಪ್ಪು ಗೊತ್ತಾದ ಮೇಲೆ ಅದರ ಮೇಲೆ ಕೂರುವ ಮನುಷ್ಯನಲ್ಲ. ದೇವರಿಗೆ ಹೆದರುವವರು ಎಂದರೆ ಇಂಥವರೇ ಇರಬೇಕು ಎಂದು ನನಗೆ ಈಗ ಅನ್ನಿಸುತ್ತಿದೆ.

ಇನ್ನೂ ಏನೂ ತೀರ್ಮಾನಿಸಿಲ್ಲ. ಯಾರಿಗೂ ಫೋನ್ ಮಾಡಬೇಡಿ!

ನಿಮ್ಮ
ತಕ್ಕಡಿ


ಆಗಸ್ಟ್ 17

ನನ್ನ ಕಂದಾ,

ನಿನ್ನ ಬೈಗುಳ ಓದಿ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ಆ ಹುಡುಗನ ಬಗ್ಗೆ ಹೇಳಲು ನನ್ನ ಹತ್ತಿರ ನಾಲ್ಕು ಪುಟ ಮಾತಿದೆ. ಹೇಳುವುದಿಲ್ಲ. ನಾಲಿಗೆ ಕಚ್ಚಿಕೊಂಡು ಕೂತಿದ್ದೇನೆ, ಗಾಯವಾಗಿದೆ. ಆರ್ಗನ್ ನುಡಿಸುವವಳು ಎರಡು ಸಲ ಫೋನ್ ಮಾಡಿದ್ದಳು. ನಾನು ಸ್ನಾನಕ್ಕೆ ಹೋಗಿದ್ದೇನೆಂದು ಹೇಳಿಸಿದೆ. ಇಲ್ಲಿಯವರೆಲ್ಲ ನನಗೆ ಚರ್ಮದ ಕಾಯಿಲೆ ಎಂದುಕೊಂಡಿದ್ದಾರೆ.

ಈಗ ಪ್ರಾರ್ಥನೆಗೆ ಬಾಯಿ ಬರುತ್ತಿದೆ. ನಿನಗೆ ಇಂಥವನೇ ಸಿಗಲಿ ಎಂದು ಕೇಳುವುದಿಲ್ಲ. ನಿನ್ನ ಹೆಸರು ಹೇಳಿ ಸುಮ್ಮನೆ ಕೂರುತ್ತೇನೆ.

ಅತ್ತೆ


ಸೆಪ್ಟೆಂಬರ್ 12

ಅತ್ತೆ,

ನಿನ್ನೆ ನಾನೇ ಕೇಳಿಬಿಟ್ಟೆ. ಈ ಸಲ ದೇವರ ಹತ್ತಿರ ಗುರುತು ಕೇಳಲಿಲ್ಲ, ಧೈರ್ಯ ಕೇಳಿದೆ. ಊಟದ ಹೊತ್ತಿಗೆ ಅಂಗಡಿಯ ಬಾಗಿಲು ಎಳೆಯುತ್ತಿದ್ದರು. ನನ್ನ ಏಪ್ರನ್ ತುಂಬ ಪ್ಲಾಸ್ಟರ್ ಪುಡಿ. 'ನಿಮಗೆ ಇನ್ನೂ ಮನಸ್ಸಿದ್ರೆ ನಾವು ಮದುವೆ ಆಗ್ಬಹುದು ಅಂತ ನನಗನ್ನಿಸುತ್ತೆ. ಯಾರೂ ಹೇಳಿಕೊಟ್ಟಿಲ್ಲ, ನಾನೇ ಕೇಳ್ತಿದೀನಿ' ಎಂದೆ. ಅವರು ಎಳೆಯುತ್ತಿದ್ದ ಬಾಗಿಲನ್ನು ಅರ್ಧಕ್ಕೇ ಬಿಟ್ಟರು. ಆಮೇಲೆ ಏನೆಂದರು ಗೊತ್ತೇ? 'ನನಗೆ ಒಂದು ವಾರ ಕೊಡಿ. ಪ್ರಾರ್ಥನೆ ಮಾಡಿ ಹೇಳ್ತೀನಿ.'

ನಗಬೇಡಿ ಅತ್ತೆ. ಅಲ್ಲ, ನಗಿ. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಇವರು ನನಗೆ ತಕ್ಕವರೇ, ದೇವರು ಮೆಚ್ಚುವವರೇ ಎಂದು ಆರು ತಿಂಗಳಿಂದ ನೋಡುತ್ತಿದ್ದೇನೆ. ಅವರೂ ಮಂಡಿಯೂರಿ, ಇವಳು ನನಗೆ ತಕ್ಕವಳೇ ಎಂದು ದೇವರನ್ನು ಕೇಳಬೇಕಾಗುತ್ತದೆ ಎಂದು ಒಂದು ಕ್ಷಣವೂ ಹೊಳೆದಿರಲಿಲ್ಲ. ಅವರು ನೋಡುವುದಾದರೆ ಏನು ಕಾಣುತ್ತದೆ? ನಿಜ ಹೇಳಲು ಬಂದವರನ್ನು ಬಾಗಿಲಿಂದಲೇ ಕಳಿಸಿದವಳು. ಸಾಕಿದ ಅತ್ತೆಗೆ ಒಂದು ತಿಂಗಳಾದ ಮೇಲೆ 'ಹೂಂ' ಎಂದು ಬರೆದವಳು. ಯಾರ ಮೇಲಾದರೂ ಸಿಟ್ಟು ಬಂದರೆ ಮುಖ ನೋಡದೆ ತಿಂಗಳುಗಟ್ಟಲೆ ಇರಬಲ್ಲವಳು. ಬೇಡ ಎಂದರೆ ತಪ್ಪು ಹೇಳುವ ಹಾಗಿಲ್ಲ. ಹೆದರಿಕೆಯಾಗುತ್ತಿದೆ. ಈ ಕಾಗದ ಈಗಲೇ ಅಂಚೆಗೆ ಹಾಕುವುದಿಲ್ಲ.

ಸೆಪ್ಟೆಂಬರ್ 18, ಅದೇ ಕಾಗದ

ಇವತ್ತು ಬಂದರು. ನಾನು ಒಬ್ಬ ಟೀಚರಮ್ಮನ ಕಾಲಿನ ಅಳತೆ ತೆಗೆದುಕೊಳ್ಳುತ್ತಿದ್ದೆ. ಮುಗಿಯುವ ತನಕ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಆಮೇಲೆ ಒಳಗೆ ಬಂದು, ಸುತ್ತುಬಳಸು ಏನೂ ಇಲ್ಲದೆ, 'ಹೌದು, ಮದುವೆ ಆಗೋಣ' ಎಂದರು. ಹಾಗೆಂದು ತೀರ್ಮಾನವಾದದ್ದು ಯಾವಾಗ ಎಂದು ಕೇಳಿದೆ.

'ನೀವು ಕೇಳಿದ ದಿನವೇ.'

'ಅಯ್ಯೋ! ಮತ್ತೆ ಏಳು ದಿನ ನನ್ನನ್ನ ಯಾಕೆ ಹೀಗೆ ಸಾಯಿಸಿದ್ರಿ?'

ಅವರು ತಲೆ ತಗ್ಗಿಸಿ ತಮ್ಮ ಕೈ ನೋಡಿಕೊಂಡರು. 'ಕೇಳಿದ್ಮೇಲೆ ನಿಮಗೇ ಬೇಡ ಅನ್ನಿಸಿದ್ರೆ ಮಾತು ವಾಪಸ್ ತಗೊಳ್ಳೋಕೆ ಜಾಗ ಇರ್ಲಿ ಅಂತ. ಹೋದ ಸಲ ನಾನು ನಿಮಗೆ ಆ ಜಾಗ ಕೊಟ್ಟಿರ್ಲಿಲ್ಲ.'

ಟೀಚರಮ್ಮ ಪರದೆಯ ಆಚೆಯಿಂದ, 'ಏನಮ್ಮ, ಅಳ್ತಿದೀಯಾ?' ಎಂದರು. ನಾನು ಪ್ಲಾಸ್ಟರ್ ಪುಡಿ ಕಣ್ಣಿಗೆ ಬಿತ್ತು ಎಂದೆ. ಅವರು ನಂಬಲಿಲ್ಲ.

ನಾನು ಮಾತು ವಾಪಸ್ ತೆಗೆದುಕೊಳ್ಳಲಿಲ್ಲ ಅತ್ತೆ. ಅವರಮ್ಮನಿಗೆ ಇನ್ನೂ ಹೇಳಿಲ್ಲ, ಮೊದಲು ನಿಮಗೇ ಬರೆಯುತ್ತಿದ್ದೇನೆ. ಅಪ್ಪ ಇದ್ದಿದ್ದರೆ ಸಭೆಯ ಬಾಗಿಲಿನಿಂದ ನನ್ನ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಆ ಕೆಲಸ ನೀವು ಮಾಡಬೇಕು. ದಿನ ಗೊತ್ತುಮಾಡಿಲ್ಲ, ನೀವು ಬಂದ ಮೇಲೆ ಮಾಡೋಣ. ಬೇಗ ಬನ್ನಿ.

ನಿಮ್ಮ ಮಗಳು